ರಾಜ್ಯಪಾಲರನ್ನು ಆರಿಸುವ ಮತದಾರರು

(ನಮ್ಮ ಕನ್ನಡ ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ರಾಜ್ಯಪಾಲರ ಚುನಾವಣೆ ಎಂಬ ಮಾತು ನಮ್ಮ ಕಿವಿಗೆ ಸೋಜಿಗವಾಗಿ ಕೇಳಿಸುವುದು ಸಹಜವೇ. ನಮ್ಮ ದೇಶದಲ್ಲಿ ರಾಜ್ಯಪಾಲರನ್ನು ರಾಷ್ಟ್ರಪತಿಗಳು ನೇಮಿಸುತ್ತಾರೆ. ನಾವು ಮರುದಿನದ ಪತ್ರಿಕೆಯಲ್ಲಿ ಅವರ ಹೆಸರನ್ನೂ ಭಾವಚಿತ್ರವನ್ನೂ ನೋಡಿ ತಿಳಿದುಕೊಳ್ಳುತ್ತೇವೆ. ನಮ್ಮ ಬಾಗಿಲಿಗೆ ಬಂದು, ಕೈಮುಗಿದು, "ನನ್ನನ್ನು ರಾಜ್ಯಪಾಲನನ್ನಾಗಿ ಮಾಡಿರಿ" ಎಂದು ಕೇಳಿಕೊಂಡವರು ಇದುವರೆಗೆ ಯಾರೂ ಇಲ್ಲ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿಯ 50 ರಾಜ್ಯಗಳಲ್ಲಿಯೂ ಗವರ್ನರರನ್ನು ಜನರೇ ಮತ ಹಾಕಿ ಆರಿಸುತ್ತಾರೆ. ಆ ಗವರ್ನರರು ಮಂತ್ರಿಮಂಡಲದ ಸಲಹೆಯಂತೆ ಸಹಿ ಹಾಕುವವರಲ್ಲ. ನಮ್ಮಲ್ಲಿ ಮುಖ್ಯಮಂತ್ರಿಗಳು ಮಾಡುವ ಕೆಲಸ ಅಲ್ಲಿ ಅವರದೇ. ಹೆಸರೊಂದೇ, ಹುದ್ದೆ ಬೇರೆ. ಈ ಭೇದವನ್ನು ಮೊದಲೇ ಹೇಳಿಬಿಟ್ಟರೆ ಮುಂದಿನ ಮಾತು ಸುಲಭವಾದೀತು.

ನಾವು ಇಂದು ಮಿಶಿಗನ್ ರಾಜ್ಯದ 2018ರ ಚುನಾವಣೆಯನ್ನು ಆರಿಸಿಕೊಂಡಿದ್ದೇವೆ. ತಳೇಗಾಂವಕ್ಕೂ ಮಿಶಿಗನ್ನಿಗೂ ಏನು ಸಂಬಂಧವೆಂದು ಯಾರೂ ಕೇಳಲಾರರು ಎಂದುಕೊಂಡಿದ್ದೇವೆ. ಜನರಲ್ ಮೋಟರ್ಸ್ ಕಂಪನಿಯ ತವರು ಆ ರಾಜ್ಯದ ಡೆಟ್ರಾಯಿಟ್ ಪಟ್ಟಣ. ಅದೇ ಕಂಪನಿ 2008ರಲ್ಲಿ ನಮ್ಮೂರಿನ ಎಂ. ಐ. ಡಿ. ಸಿ.ಯಲ್ಲಿ ಕಾರಿನ ಕಾರಖಾನೆ ತೆರೆಯಿತು. 2017ರ ಕೊನೆಗೆ ಭಾರತದಲ್ಲಿ ಕಾರು ಮಾರುವುದನ್ನು ಬಿಟ್ಟಿತು. 2020ರ ಡಿಸೆಂಬರಿನಲ್ಲಿ ಇಲ್ಲಿಯ ಉತ್ಪಾದನೆಯನ್ನೂ ನಿಲ್ಲಿಸಿತು. 2024ರ ಆರಂಭದಲ್ಲಿ ಕಾರಖಾನೆ ಹ್ಯುಂಡೈ ಕಂಪನಿಯ ಕೈಸೇರಿತು. ನಡುವಣ ಆ ವರ್ಷಗಳನ್ನು ಕೆಲಸ ಕಳೆದುಕೊಂಡ ಮನೆಗಳು ಹೇಗೆ ಕಳೆದವೆಂಬುದು ಈ ಊರಿಗೆ ಗೊತ್ತು. ಕಾರಖಾನೆಯ ಭೋಂಗಾ ನಿಂತರೆ ಕಿರಾಣಿ ಅಂಗಡಿಯ ಉದ್ದರಿ ವಹಿ ದಪ್ಪವಾಗುತ್ತದೆ ಎಂಬುದನ್ನು ಮಿಶಿಗನ್ನಿನ ಮತದಾರರಿಗೂ ನಾವು ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಕಾರಣ, ಆ ಚುನಾವಣೆಗೆ ನಿಂತ ಉಮೇದುವಾರರಲ್ಲಿ ಒಬ್ಬರು ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದವರು. ಹೆಸರು ಶ್ರೀ ಠಾಣೇದಾರ. 'ಶ್ರೀ' ಎಂಬುದು ಅವರ ಹೆಸರೇ ಹೊರತು ಗೌರವಕ್ಕೆ ನಾವು ಸೇರಿಸಿದ್ದಲ್ಲ. ಗೌರವಕ್ಕೆ ಇನ್ನೊಂದು ಶ್ರೀ ಸೇರಿಸಿದೆವೆಂದರೆ ಅವರು ಮಠದ ಸ್ವಾಮಿಗಳಾಗಿಬಿಡುತ್ತಾರೆ! ಅವರು ಹುಟ್ಟಿದ್ದು 1955ರಲ್ಲಿ. ಆಗ ಚಿಕ್ಕೋಡಿಯೂ ತಳೇಗಾಂವವೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪದವಿ, ಅನಂತರ ಮುಂಬಯಿಯ ಪದವಿ ಪಡೆದು 1979ರಲ್ಲಿ ಅವರು ಅಮೆರಿಕಕ್ಕೆ ಹೋದರು. ರಸಾಯನಶಾಸ್ತ್ರದ ಪ್ರಯೋಗಾಲಯ ನಡೆಸಿ ಹಣ ಗಳಿಸಿದರು; ಸಾಲದಲ್ಲಿ ಸಿಕ್ಕಿ ಅದನ್ನು ಕಳೆದುಕೊಂಡರು; ಮಿಶಿಗನ್ನಿಗೆ ಬಂದು ಮತ್ತೊಂದನ್ನು ಕಟ್ಟಿದರು. ತಮ್ಮ ಬದುಕಿನ ಕಥೆಯನ್ನು ಅವರು ಬರೆದದ್ದು ಮರಾಠಿಯಲ್ಲಿ.

ಈ ಕಡೆಯ ಸಂಗತಿ ನಮ್ಮ ವಾಚನಾಲಯದಲ್ಲಿ ಒಂದು ಸಂಜೆಯನ್ನೇ ತಿಂದಿತ್ತು. ಕನ್ನಡ ನಾಡಿನಲ್ಲಿ ಹುಟ್ಟಿದವರು, ಆದುದರಿಂದ ನಮ್ಮವರು ಎಂದು ಕೆಲವರು. ಮನೆಯ ಮಾತು ಮರಾಠಿ, ಆದುದರಿಂದ ನೆರೆಮನೆಯವರ ಸ್ವತ್ತು ಎಂದು ಕೆಲವರು. ಆ ವಾದದಲ್ಲಿ ಕಾವು ಬಹಳವಿತ್ತು. ಆದರೆ ಮಿಶಿಗನ್ನಿಗೆ ಎಂಥ ಗವರ್ನರ್ ಬೇಕು ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಒಬ್ಬರೂ ಎತ್ತಲಿಲ್ಲ! ಅಲ್ಲಿಯ ಮತದಾರರು ಎತ್ತಿದ್ದು ಅದೊಂದನ್ನೇ. ಅವರು ಹೇಗೆ ಚರ್ಚಿಸಿದರೆಂಬುದನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ.

ಅಲ್ಲಿ ಚುನಾವಣೆಗೆ ಎರಡು ಸುತ್ತು. ಪಕ್ಷದ ಉಮೇದುವಾರಿಕೆ ಯಾರಿಗೆ ಎಂಬುದನ್ನು ಮೊದಲ ಸುತ್ತಿನಲ್ಲಿ ಮತದಾರರೇ ತೀರ್ಮಾನಿಸುತ್ತಾರೆ. ನಮ್ಮಲ್ಲಿ ತಿಕೀಟಿಗಾಗಿ ಮುಂಬಯಿಗೂ ದಿಲ್ಲಿಗೂ ಹಾಯುವವರ ಗಾಡಿ ಖರ್ಚನ್ನು ನೆನೆದರೆ ಈ ಕ್ರಮದ ಬೆಲೆ ತಿಳಿದೀತು. ಮಿಶಿಗನ್ನಿನಲ್ಲಿ ಇನ್ನೊಂದು ಚೆಲುವಿದೆ. ಮತಪತ್ರದಲ್ಲಿ ಪಕ್ಷಕ್ಕೊಂದು ಸಾಲು; ಯಾವ ಪಕ್ಷದ ಸಾಲಿನಲ್ಲಿ ಗುರುತು ಹಾಕಬೇಕೆಂಬುದನ್ನು ಮತದಾರನು ಮರೆಯಲ್ಲಿ ನಿಂತಾಗ ನಿಶ್ಚಯಿಸಿದರೆ ಸಾಕು, ಯಾರಿಗೂ ಮೊದಲೇ ಹೇಳಬೇಕಾಗಿಲ್ಲ. ಎರಡೂ ಸಾಲಿನಲ್ಲಿ ಕೈಯಾಡಿಸಿದರೆ ಮಾತ್ರ ಆ ಮತ ಕೆಡುತ್ತದೆ.

2018ರ ಆಗಸ್ಟ್ 7ರಂದು ಡೆಮಾಕ್ರಟಿಕ್ ಪಕ್ಷದ ಸಾಲಿನಲ್ಲಿ ಮೂವರಿದ್ದರು. ಗ್ರೆಚೆನ್ ವಿಟ್ಮರ್ ಎಂಬವರು ರಾಜ್ಯದ ಶಾಸನಸಭೆಯಲ್ಲಿ ಪಳಗಿದವರು. ಅಬ್ದುಲ್ ಎಲ್-ಸಯ್ಯದ್ ಎಂಬವರು ವೈದ್ಯಶಾಸ್ತ್ರ ಓದಿದವರು, ಈಜಿಪ್ತಿನಿಂದ ಬಂದವರ ಮಗ, ಡೆಟ್ರಾಯಿಟ್ ನಗರದ ಆರೋಗ್ಯ ಇಲಾಖೆಯ ಮುಖ್ಯಸ್ಥರಾಗಿದ್ದವರು. ಮೂರನೆಯವರು ನಮ್ಮ ಠಾಣೇದಾರರು. ಗವರ್ನರರಾಗುವವರು ಅದೇ ರಾಜ್ಯದಲ್ಲಿ ನಾಲ್ಕು ವರ್ಷ ನೋಂದಾಯಿತ ಮತದಾರರಾಗಿರಬೇಕೆಂದು ಅಲ್ಲಿಯ ಸಂವಿಧಾನ ಹೇಳುತ್ತದೆ. ಎಲ್-ಸಯ್ಯದ್ ನಡುವೆ ನ್ಯೂಯಾರ್ಕಿನಲ್ಲಿ ಮತದಾರರಾಗಿದ್ದರೆಂದು ಅವರ ಅರ್ಹತೆಯನ್ನೇ ಪ್ರಶ್ನಿಸಿದವರುಂಟು. ಕೊನೆಗೆ ಅವರ ಹೆಸರು ಮತಪತ್ರದಲ್ಲಿ ಉಳಿಯಿತು. ನಮ್ಮಲ್ಲಿ ರಾಜ್ಯಪಾಲರು ಹೊರರಾಜ್ಯದವರಾಗಿರಬೇಕೆಂಬುದೇ ರೂಢಿ. ಅಲ್ಲಿ ಊರವನಾಗಿರಬೇಕು, ಇಲ್ಲಿ ಊರವನಾಗಿರಬಾರದು. ಎರಡಕ್ಕೂ ಅದರದರ ನ್ಯಾಯವಿದೆ.

ಚರ್ಚೆ ಯಾವುದರ ಮೇಲೆ ನಡೆಯಿತು? ಮೊದಲನೆಯದು ರಸ್ತೆ. ಮಂಜು ಬಿದ್ದು ಕರಗುವ ಆ ನಾಡಿನಲ್ಲಿ ರಸ್ತೆಗಳು ವರ್ಷವರ್ಷವೂ ಒಡೆಯುತ್ತವೆ. ಹಾಳು ರಸ್ತೆಗಳನ್ನು ಮೊದಲು ದುರಸ್ತಿ ಮಾಡೋಣ ಎಂಬುದೇ ವಿಟ್ಮರರ ಘೋಷಣೆಯಾಗಿತ್ತು. ಅದರಲ್ಲೊಂದು ಒರಟು ಬೈಗುಳವೂ ಇತ್ತು, ಜನ ಅದನ್ನು ಮೆಚ್ಚಿಕೊಂಡರು. ಎರಡನೆಯದು ಔಷಧೋಪಚಾರದ ಖರ್ಚು. ರಾಜ್ಯದ ಪ್ರತಿಯೊಬ್ಬನಿಗೂ ಸರಕಾರವೇ ಆರೋಗ್ಯವಿಮೆ ಕೊಡಬೇಕೆಂದು ಎಲ್-ಸಯ್ಯದ್ ಪಟ್ಟುಹಿಡಿದು ವಾದಿಸಿದರು. ಠಾಣೇದಾರರೂ ಆ ಪಕ್ಷದವರೇ.

ಮೂರನೆಯದು ನೀರು. ಇದು ಎಲ್ಲಕ್ಕಿಂತ ದೊಡ್ಡದು. ಮಿಶಿಗನ್ನಿನ ಫ್ಲಿಂಟ್ ಪಟ್ಟಣದ ಬೊಕ್ಕಸ ಬರಿದಾದಾಗ ಅಲ್ಲಿಯ ಚುನಾಯಿತ ಸಭೆಯ ಅಧಿಕಾರವನ್ನು ಮೊಟಕುಗೊಳಿಸಿ ರಾಜ್ಯ ಸರಕಾರವು ತನ್ನ ಆಡಳಿತಾಧಿಕಾರಿಯನ್ನು ಕೂರಿಸಿತ್ತು. 2014ರ ಏಪ್ರಿಲಿನಲ್ಲಿ, ಹಣ ಉಳಿಸುವುದಕ್ಕೆಂದು, ಡೆಟ್ರಾಯಿಟಿನಿಂದ ಬರುತ್ತಿದ್ದ ನೀರನ್ನು ಬಿಟ್ಟು ಫ್ಲಿಂಟ್ ನದಿಯ ನೀರನ್ನು ಊರಿಗೆ ತಿರುಗಿಸಿದರು. ಆ ನೀರು ಕೊಳವೆಗಳನ್ನು ಕೊರೆಯದಂತೆ ಬೆರೆಸಬೇಕಾದ ದ್ರವ್ಯವನ್ನು ಬೆರೆಸಲಿಲ್ಲ. ಹಳೆಯ ಕೊಳವೆಗಳ ಸೀಸ ನೀರಿಗೆ ಇಳಿಯಿತು. ಮಕ್ಕಳ ರಕ್ತಕ್ಕೆ ಇಳಿಯಿತು. ನೀರಿನ ಬಣ್ಣ ಕೆಟ್ಟಿದೆ, ವಾಸನೆ ಬರುತ್ತಿದೆ ಎಂದು ಹೆಂಗಸರು ಬಾಟಲಿಗಳಲ್ಲಿ ತುಂಬಿಕೊಂಡು ಬಂದು ತೋರಿಸಿದರೂ ಅಧಿಕಾರಿಗಳು ತಿಂಗಳುಗಟ್ಟಲೆ ನೀರು ಚೆನ್ನಾಗಿದೆ ಎಂದೇ ಹೇಳಿದರು. 2015ರ ಅಕ್ಟೋಬರಿನಲ್ಲಿ ಮರಳಿ ಹಳೆಯ ನೀರಿಗೆ ಬಂದರು. ಆಗಿನ ಗವರ್ನರ್ ರಿಕ್ ಸ್ನೈಡರ್ ಎರಡು ಅವಧಿ ಮುಗಿಸಿದ್ದರು. ಕಾನೂನಿನಂತೆ ಮೂರನೆಯ ಸಲ ಅವರು ನಿಲ್ಲುವಂತಿರಲಿಲ್ಲ. ಹೀಗಾಗಿ ಅವರ ಗಾದಿಗೆ ಬರಬಯಸಿದ ಪ್ರತಿಯೊಬ್ಬರೂ ಫ್ಲಿಂಟಿನ ಪ್ರಶ್ನೆಗೆ ಉತ್ತರ ಹೇಳಲೇಬೇಕಾಯಿತು. ಅಧಿಕಾರ ಯಾರ ಕೈಯಲ್ಲಿದೆಯೋ ಅವರನ್ನೇ ಆರಿಸುವ ಕಡೆ ಪ್ರಶ್ನೆ ದಾರಿ ತಪ್ಪುವುದಿಲ್ಲ.

ಠಾಣೇದಾರರು ತಮ್ಮ ಗಂಟಿನಿಂದಲೇ ಒಂದು ಕೋಟಿ ಡಾಲರಿಗೂ ಮಿಕ್ಕಿ ವೆಚ್ಚ ಮಾಡಿದರು. ಮಿಕ್ಕವರ ಹೆಸರು ಜನರಿಗೆ ತಿಳಿಯುವ ಮೊದಲೇ ಅವರ ಮುಖ ದೂರದರ್ಶನದಲ್ಲಿ ಮನೆಮನೆಗೆ ಬಂದಿತ್ತು. ಹೊರಗಿನವರ ದೇಣಿಗೆಯ ಹಂಗಿಲ್ಲ ಎಂದು ಅದನ್ನು ಹೊಗಳಬಹುದು. ಹಣವಿದ್ದವನಿಗೇ ಅಂಗಳ ಎಂದು ತೆಗಳಲೂಬಹುದು. ಅವರ ಪ್ರಗತಿಪರ ನಿಲುವು ಎಷ್ಟು ಹಳೆಯದು ಎಂದು ಕೇಳಿದವರೂ ಇದ್ದರು. ಕೊನೆಗೆ ವಿಟ್ಮರರಿಗೆ ನೂರಕ್ಕೆ ಸುಮಾರು 52, ಎಲ್-ಸಯ್ಯದರಿಗೆ 30, ಠಾಣೇದಾರರಿಗೆ 18ಕ್ಕೆ ಸ್ವಲ್ಪ ಕಡಿಮೆ ಮತಗಳು ಬಿದ್ದವು. ಎಣಿಕೆಯಲ್ಲಿ ಅವರ ಮತ ಎರಡು ಲಕ್ಷದಷ್ಟು. ನಮ್ಮ ಕಡೆ ವಿಧಾನಸಭೆಯ ಒಂದು ಕ್ಷೇತ್ರದಲ್ಲಿ ಅಷ್ಟು ಬಿದ್ದರೆ ಗುಲಾಲು ಹಾರುತ್ತದೆ. ಅಲ್ಲಿ ಅದು ಮೂರನೆಯ ಸ್ಥಾನ, ಮತವೊಂದಕ್ಕೆ ಐವತ್ತು ಡಾಲರಿನ ಲೆಕ್ಕ. ನವೆಂಬರಿನಲ್ಲಿ ವಿಟ್ಮರ್ ಗೆದ್ದು ಗವರ್ನರರಾದರು. ಠಾಣೇದಾರರು 2020ರಲ್ಲಿ ರಾಜ್ಯದ ಶಾಸನಸಭೆಗೆ, 2022ರಲ್ಲಿ ಡೆಟ್ರಾಯಿಟಿನ ಕ್ಷೇತ್ರದಿಂದ ದೇಶದ ಪ್ರತಿನಿಧಿಸಭೆಗೆ ಆರಿಸಿಬಂದರು. ಮೇಲಿನ ಮೆಟ್ಟಿಲಿಗೆ ಹಾರಿ ಬಿದ್ದವರು ಕೆಳಗಿನ ಮೆಟ್ಟಿಲಿನಿಂದ ಹತ್ತಿದರು. ಇದು ನಮಗೆ ಹಿಡಿಸಿತು.

ಇನ್ನು ನಮ್ಮ ದೇಶದ ಮಾತು. ನಮಗೂ ಈ ಹಕ್ಕು ಬರುವುದರಲ್ಲಿತ್ತು ಎಂಬುದು ಬಹಳ ಜನರಿಗೆ ತಿಳಿಯದು. 1947ರ ಜುಲೈಯಲ್ಲಿ ಸರದಾರ ಪಟೇಲರು ಮಂಡಿಸಿದ ವರದಿಯಂತೆ, ರಾಜ್ಯಪಾಲರನ್ನು ವಯಸ್ಕರೆಲ್ಲರ ಮತದಿಂದ ನೇರವಾಗಿ ಆರಿಸಬೇಕೆಂದು ಸಂವಿಧಾನ ಸಭೆ ಒಪ್ಪಿತ್ತು. ಆಮೇಲೆ ಅನುಮಾನ ಹುಟ್ಟಿತು. ಜನರಿಂದ ಆರಿಸಿಬಂದ ರಾಜ್ಯಪಾಲನೊಬ್ಬ, ಶಾಸಕರ ಬಹುಮತವುಳ್ಳ ಮುಖ್ಯಮಂತ್ರಿಯೊಬ್ಬ. ಒಂದು ಒರೆಯಲ್ಲಿ ಎರಡು ಕತ್ತಿ. 1949ರ ಮೇ 30 ಮತ್ತು 31ರಂದು ಸಭೆ ಈ ವಿಷಯವನ್ನು ಮತ್ತೆ ಕೈಗೆತ್ತಿಕೊಂಡಿತು. ನೇಮಕವೇ ಇರಲಿ ಎಂದು ಬ್ರಜೇಶ್ವರ ಪ್ರಸಾದರು ತಿದ್ದುಪಡಿ ತಂದರು. ಚುನಾವಣೆಯಿಂದ ಪ್ರಾಂತಾಭಿಮಾನ ಕೆರಳೀತು, ರಾಜಕೀಯದ ಜಗ್ಗಾಟದಿಂದ ದೂರವಿರುವ ದೊಡ್ಡ ಮನುಷ್ಯರು ಬೇಕು ಎಂಬುದು ನೆಹರೂ ಅವರ ವಾದ. ಸ್ವಂತ ಅಧಿಕಾರವಿಲ್ಲದ ಹುದ್ದೆಗೆ ಅಷ್ಟು ಹಣ, ಅಷ್ಟು ಶ್ರಮ ಏಕೆ ಎಂಬುದು ಅಂಬೇಡ್ಕರರ ವಾದ. ತಿದ್ದುಪಡಿ ಗೆದ್ದಿತು.

ಅವರ ತರ್ಕದಲ್ಲಿ ನಮಗೆ ದೋಷ ಕಾಣುವುದಿಲ್ಲ. ಅಧಿಕಾರವಿಲ್ಲ ಎಂದು ಅವರು ನಂಬಿದ ಕಡೆ ಅಧಿಕಾರ ಉಳಿದುಕೊಂಡಿತ್ತು, ಅಷ್ಟೇ. 1989ರ ಏಪ್ರಿಲಿನಲ್ಲಿ ಎಸ್. ಆರ್. ಬೊಮ್ಮಾಯಿಯವರಿಗೆ ಸಭೆಯಲ್ಲಿ ಬಹುಮತ ತೋರಿಸಲು ಅವಕಾಶವನ್ನೇ ಕೊಡದೆ, ರಾಜ್ಯಪಾಲರ ವರದಿಯ ಮೇಲೆ ಅವರ ಸರಕಾರವನ್ನು ಇಳಿಸಲಾಯಿತು. ಬಹುಮತದ ಪರೀಕ್ಷೆ ಸಭೆಯಲ್ಲೇ ಆಗಬೇಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಆದರೆ ಅದು ಬಂದದ್ದು 1994ರ ಮಾರ್ಚಿನಲ್ಲಿ, ಸರಕಾರ ಹೋಗಿ ಐದು ವರ್ಷವಾಗುತ್ತ ಬಂದಾಗ. ಈ ನಮ್ಮ ಮಹಾರಾಷ್ಟ್ರದಲ್ಲಿ 2019ರ ನವೆಂಬರ್ 23ರ ಬೆಳಿಗ್ಗೆ ಊರು ಚಹಾ ಕುಡಿಯುವ ಹೊತ್ತಿಗೆ ರಾಜಭವನದಲ್ಲಿ ಪ್ರಮಾಣವಚನ ಮುಗಿದಿತ್ತು. ಮೂರು ದಿನಗಳಲ್ಲಿ ಆ ಮಂತ್ರಿಮಂಡಲವೂ ಮುಗಿಯಿತು. 2022ರಲ್ಲಿ ಬಹುಮತ ತೋರಿಸಲು ರಾಜ್ಯಪಾಲರು ಕರೆದದ್ದಕ್ಕೆ ಸಾಕಷ್ಟು ಆಧಾರವಿರಲಿಲ್ಲವೆಂದು 2023ರ ಮೇ 11ರಂದು ಸುಪ್ರೀಂ ಕೋರ್ಟು ಹೇಳಿತು. ಇಂಥ ಹುದ್ದೆಗೆ ಬರುವವರ ಗುಣದೋಷವನ್ನು ಅವರು ಬಂದಮೇಲೆ ಚರ್ಚಿಸುವುದಷ್ಟೇ ನಮ್ಮ ಪಾಲಿಗೆ ಉಳಿದದ್ದು.

ಹಾಗೆಂದು ನೇರ ಚುನಾವಣೆಯ ವಾದವು ದೂರದ ಮಾತೇನಲ್ಲ; ನಮ್ಮ ತಳೇಗಾಂವ ದಾಭಾಡೆ ನಗರಪರಿಷತ್ತಿನ ಬಾಗಿಲಿನಲ್ಲೇ ಅದು ನಿಂತಿದೆ. ನಗರಾಧ್ಯಕ್ಷರನ್ನು ಜನರೇ ಆರಿಸಲಿ ಎಂದು ಮಹಾರಾಷ್ಟ್ರ ಸರಕಾರ 2016ರಲ್ಲಿ ನಿಯಮ ಮಾಡಿತು. ಬೇಡ, ನಗರಸೇವಕರೇ ಆರಿಸಲಿ ಎಂದು ಮುಂದಿನ ಸರಕಾರ 2020ರಲ್ಲಿ ಅದನ್ನು ತೆಗೆಯಿತು. ಅದರ ಮುಂದಿನದು 2022ರಲ್ಲಿ ಮತ್ತೆ ಜನರ ಕೈಗೆ ಕೊಟ್ಟಿತು. 1949ರ ಅದೇ ಒರೆ, ಅದೇ ಎರಡು ಕತ್ತಿ. ಅಧ್ಯಕ್ಷರದು ಒಂದು ಪಕ್ಷ, ಸಭೆಯ ಬಹುಮತ ಇನ್ನೊಂದು ಪಕ್ಷದ್ದಾದರೆ ಗಟಾರದ ಟೆಂಡರೂ ಮುಂದೆ ಹೋಗದು ಎನ್ನುವವರ ಮಾತಿನಲ್ಲಿ ಸತ್ಯವಿದೆ. ಆದರೂ ನಾವು ನೇರ ಚುನಾವಣೆಯ ಕಡೆಯವರು. ನಳದಲ್ಲಿ ನೀರು ಬಾರದಿದ್ದಾಗ ಯಾರ ಹೆಸರು ಹಿಡಿದು ಕೇಳಬೇಕೆಂಬುದು ಗೊತ್ತಿರಬೇಕು. 2022ರಿಂದ ಮೂರು ವರ್ಷಕ್ಕೂ ಮಿಕ್ಕಿ ಈ ರಾಜ್ಯದ ಬಹುತೇಕ ನಗರಸಂಸ್ಥೆಗಳು, ಚುನಾವಣೆಯೇ ಇಲ್ಲದೆ, ಆಡಳಿತಾಧಿಕಾರಿಗಳ ಕೈಯಲ್ಲಿದ್ದವು. ಅವರಲ್ಲಿ ಒಳ್ಳೆಯವರೂ ಇದ್ದರು. ಫ್ಲಿಂಟಿನ ಕಥೆ ಕೇಳಿದ ಮೇಲೆ ಅಷ್ಟರಿಂದ ಸಮಾಧಾನವಾಗುವುದಿಲ್ಲ. 2025ರ ಡಿಸೆಂಬರಿನಲ್ಲಿ ಕೊನೆಗೂ ನಗರಪರಿಷತ್ತುಗಳಿಗೆ ಚುನಾವಣೆ ಬಂದಾಗ ನಮ್ಮಲ್ಲಿ ಕೆಲವರು, ನಾವು ಪರಊರಿನಿಂದ ಬಂದವರು, ನಮಗೇಕೆ ಇಲ್ಲಿಯ ಗೊಡವೆ ಎಂದದ್ದುಂಟು. ಇಲ್ಲಿಯ ನೀರು ಕುಡಿಯುವವರಿಗೆ ಇಲ್ಲಿಯ ಗೊಡವೆ ಇಲ್ಲದೆ ಹೇಗೆ? ಬೆಳಗಾವಿಯಿಂದ ಹೋದವರು ಮಿಶಿಗನ್ನಿನ ಗಾದಿಯನ್ನೇ ಕೇಳಿದರು. ನಾವು ವಾರ್ಡಿನ ಪ್ರಶ್ನೆ ಕೇಳಲು ಸಂಕೋಚಪಡುತ್ತೇವೆ.

ಉಮೇದುವಾರರು ನಮ್ಮ ಓಣಿಗೆ ಬಂದಾಗ ಕೇಳಬೇಕಾದ ಪ್ರಶ್ನೆಗಳನ್ನು ಬರೆಯಲು ವಾಚನಾಲಯದ ಮೇಜಿನ ಮೇಲೆ, ವೃತ್ತಪತ್ರಿಕೆಗಳ ಪಕ್ಕದಲ್ಲಿ, ಒಂದು ವಹಿ ಇರಿಸಿದೆ. ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ ಬರೆಯಬಹುದು. ನೀರಿನ ವೇಳೆಯ ಪ್ರಶ್ನೆಯನ್ನು ಮೂವರು ಆಗಲೇ ಬರೆದಿದ್ದಾರೆ. ಉಳಿದವರು ಬೇರೆಯದನ್ನು ಬರೆದರೆ ಅನುಕೂಲ.