ಕಡಲ್ಗಾಲುವೆ ದಾಟಿ ಮನೆಗೆ



ಯೂರೋಪಿನಲ್ಲಿ ರಜೆ ಕಳೆದು, ವಿಮಾನ ಹತ್ತದೆ ಲಂಡನ್ನಿಗೆ ಮರಳುವವರಿಗೆ ಹಿಂದಿನಿಂದಲೂ ಕೊನೆಯಲ್ಲಿ ಕಾದಿರುತ್ತಿದ್ದ ತೊಡಕು ಒಂದೇ: ಫ್ರಾನ್ಸಿಗೂ ಇಂಗ್ಲೆಂಡಿನ ಡೋವರ್‌ಗೂ ನಡುವಿನ ಸುಮಾರು 34 ಕಿಲೋಮೀಟರ್ ನೀರು. ಆ ನೀರನ್ನು ದಾಟುವ ದಾರಿ ಹುಡುಕಿದ್ದೇ ಈ ಪಯಣದ ಚರಿತ್ರೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಪಾಸ್‌ಪೋರ್ಟ್ ನೋಡುವ ಮೇಜನ್ನು ಎಲ್ಲಿ ಹಾಕಿದ್ದರು ಎನ್ನುವುದೂ ಅಷ್ಟೇ ಮುಖ್ಯ ಎಂದು ನನಗನ್ನಿಸುತ್ತದೆ.

ಲಂಡನ್ನಿನಿಂದ ಡೋವರ್‌ಗೆ ರೈಲು ಬಂದದ್ದು 1844ರಲ್ಲಿ. ಥಾಮಸ್ ಕುಕ್ 1855ರಲ್ಲಿ ಮೊದಲ ಬಾರಿಗೆ ಪ್ರವಾಸಿಗರ ತಂಡ ಕಟ್ಟಿಕೊಂಡು ಯೂರೋಪಿಗೆ ಹೋದರು. ಮರಳುವಾಗಿನ ಕ್ರಮ ಮುಂದೆ ಬಹುಕಾಲ ಹೆಚ್ಚು ಬದಲಾಗಲಿಲ್ಲ. ಫ್ರಾನ್ಸಿನ ಕಲೆ (Calais) ಬಂದರಿನಲ್ಲಿ ರೈಲು ಇಳಿಯಬೇಕು, ಹಡಗು ಹತ್ತಬೇಕು, ಡೋವರ್‌ನಲ್ಲಿ ಸುಂಕದವರ ಮುಂದೆ ಪೆಟ್ಟಿಗೆ ಬಿಚ್ಚಬೇಕು, ಮತ್ತೆ ರೈಲು ಹಿಡಿಯಬೇಕು. 1929ರಲ್ಲಿ ಲಂಡನ್ನಿನಿಂದ ಹೊರಟ ಐಷಾರಾಮಿ ಗೋಲ್ಡನ್ ಆ್ಯರೋ ರೈಲಿನವರಿಗೂ ಹಡಗುಕಟ್ಟೆಯಲ್ಲಿ ಇಳಿಯುವುದು ತಪ್ಪಲಿಲ್ಲ.

ಅದನ್ನು ತಪ್ಪಿಸಿದ್ದು 1936ರ ಅಕ್ಟೋಬರ್‌ನಲ್ಲಿ ಶುರುವಾದ ನೈಟ್ ಫೆರಿ ರೈಲು. ಪ್ಯಾರಿಸ್ಸಿನಲ್ಲಿ ರಾತ್ರಿ ಮಲಗಿದವರು ಬೆಳಿಗ್ಗೆ ಲಂಡನ್ನಿನ ವಿಕ್ಟೋರಿಯಾ ನಿಲ್ದಾಣದಲ್ಲೇ ಇಳಿಯುತ್ತಿದ್ದರು. ಫ್ರಾನ್ಸಿನ ಬಂದರು ಡಂಕರ್ಕ್‌ನಲ್ಲಿ ಮಲಗುವ ಬೋಗಿಗಳನ್ನೇ ಹಡಗಿನೊಳಗೆ ತಳ್ಳಿ, ಹಳಿಗೆ ಸರಪಳಿಯಿಂದ ಬಿಗಿಯುತ್ತಿದ್ದರು. ಬ್ರಿಟನ್ನಿನ ಸುರಂಗ, ಸೇತುವೆಗಳ ಅಳತೆ ಚಿಕ್ಕದು. ಹಾಗಾಗಿ ಈ ಬೋಗಿಗಳನ್ನು ಬೇರೆಯಾಗಿಯೇ ಕಟ್ಟಿಸಬೇಕಾಯಿತು. ಡೋವರ್‌ನಲ್ಲಿ ಭರತ ಇಳಿತದ ಅಂತರ ಬಹಳ ದೊಡ್ಡದು. ಅದಕ್ಕೆ ಹಡಗನ್ನು ಬಾಗಿಲಿರುವ ಕಟ್ಟೆಯೊಳಗೆ ತಂದು, ಬಾಗಿಲು ಮುಚ್ಚಿ, ನೀರಿನ ಮಟ್ಟವನ್ನು ಹೊಂದಿಸಿ, ಹಡಗಿನ ಹಳಿ ನೆಲದ ಹಳಿಗೆ ಕೂಡುವಂತೆ ಮಾಡುತ್ತಿದ್ದರು. ಸರಪಳಿಯ ಸದ್ದಿಗೆ ಎಷ್ಟೋ ಜನರ ನಿದ್ದೆ ಹಾರುತ್ತಿತ್ತು, ನಿಜ. ಆದರೂ ಮಲಗುವ ಬೋಗಿಯವರನ್ನು ನಡುರಾತ್ರಿ ಎಬ್ಬಿಸಿ ಬಂದರಿನಲ್ಲಿ ಸಾಲು ನಿಲ್ಲಿಸುತ್ತಿರಲಿಲ್ಲ. ಅವರ ತಪಾಸಣೆ ಲಂಡನ್ ಮುಟ್ಟಿದ ಮೇಲೆ. ಪ್ರಯಾಣಿಕನ ನಿದ್ದೆಗೆ ಬೆಲೆ ಕೊಟ್ಟ ಆ ಏರ್ಪಾಡಿನ ಮೇಲೆ ನನಗೆ ತುಂಬಾ ಗೌರವ. ಯುದ್ಧಕಾಲದಲ್ಲಿ ನಿಂತು 1947ರಲ್ಲಿ ಮತ್ತೆ ಹೊರಟ ಈ ರೈಲು 1980ರಲ್ಲಿ ಕೊನೆಗೊಂಡಿತು.

ಸುರಂಗದ ಯೋಚನೆ ಹಳೆಯದು. 1880ರ ದಶಕದಲ್ಲಿ ಅಗೆತ ಶುರುವಾಗಿ, ಶತ್ರು ಸೈನ್ಯ ಅದೇ ದಾರಿಯಲ್ಲಿ ನುಗ್ಗೀತೆಂಬ ಭಯದಿಂದ ನಿಂತಿತು. ಮತ್ತೊಂದು ಪ್ರಯತ್ನವನ್ನು 1975ರಲ್ಲಿ ಬ್ರಿಟನ್ ಸರ್ಕಾರವೇ ಕೈಬಿಟ್ಟಿತು. ಕೊನೆಗೆ 1990ರ ಡಿಸೆಂಬರ್ 1ರಂದು ಎರಡೂ ಕಡೆಯ ಕೆಲಸಗಾರರು ಕಡಲ ತಳದಡಿ ಕೈ ಕುಲುಕಿದರು. 1994ರಲ್ಲಿ ಅದರೊಳಗೆ ಯೂರೋಸ್ಟಾರ್ ರೈಲು ಓಡಿತು. ಸುರಂಗದ ಉದ್ದ 50 ಕಿಲೋಮೀಟರಿಗೂ ಹೆಚ್ಚು. ಈಗ ಪ್ಯಾರಿಸ್ಸಿನಲ್ಲಿ ಹತ್ತುವ ಮುಂಚೆಯೇ, ಗಾರ್ ದು ನೋರ್ ನಿಲ್ದಾಣದ ಮಹಡಿಯಲ್ಲಿ, ಫ್ರೆಂಚರು ಒಮ್ಮೆ, ಬ್ರಿಟಿಷರು ಒಮ್ಮೆ ಪಾಸ್‌ಪೋರ್ಟ್ ನೋಡುತ್ತಾರೆ.

ಕೈಯಲ್ಲಿ ದುಡ್ಡು ಕಡಿಮೆ ಇದ್ದವರ ದಾರಿ ಕೋಚ್ ಬಸ್ಸು. ಕಲೆಯ ಹತ್ತಿರ ಎಷ್ಟು ಹೊತ್ತಾದರೂ ಸರಿ, ಎಲ್ಲರೂ ಇಳಿದು ಎರಡು ಮೇಜು ದಾಟಿ ಬರಬೇಕು. ಆಮೇಲೆ ಬಸ್ಸು ಹಡಗಿಗೋ ಸುರಂಗದ ರೈಲಿಗೋ ಏರುತ್ತದೆ. ಬ್ರಿಟನ್ನಿನಲ್ಲಿ ಓದುವ ನಮ್ಮ ಕನ್ನಡದ ಹುಡುಗರೂ ಈ ಸಾಲಿನಲ್ಲಿರುತ್ತಾರೆ. ಭಾರತದ ಪಾಸ್‌ಪೋರ್ಟಿನವರಿಗೆ ಷೆಂಗೆನ್ ವೀಸಾವೂ ಬೇಕು, ಬ್ರಿಟನ್ನಿನಲ್ಲಿರುವ ಅನುಮತಿಯೂ ಬೇಕು. ಒಬ್ಬರ ಕಾಗದ ತಡವಾದರೆ ಇಡೀ ಬಸ್ಸು ಕಾಯುತ್ತದೆ.

2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿ ವಿಮಾನಗಳನ್ನು ದಿನಗಟ್ಟಲೆ ನಿಲ್ಲಿಸಿದಾಗ, ಸಿಕ್ಕಿಬಿದ್ದ ಎಷ್ಟೋ ಜನ ಮನೆ ಸೇರಿದ್ದು ಇದೇ ರೈಲು, ಬಸ್ಸು, ಹಡಗುಗಳನ್ನು ಹಿಡಿದು.

ಮೇಜಿನ ಮಾತಿಗೆ ಬರೋಣ. 2018ರಲ್ಲಿ ಲಂಡನ್ನಿನಿಂದ ಆಮ್‌ಸ್ಟರ್‌ಡ್ಯಾಮಿಗೆ ನೇರ ರೈಲು ಬಂತು, ಆದರೆ ಹೋಗುವುದಕ್ಕೆ ಮಾತ್ರ. ಹಿಂದಿರುಗುವಾಗ ಬ್ರಸೆಲ್ಸ್‌ನಲ್ಲಿ ಇಳಿದು, ತಪಾಸಣೆ ಮುಗಿಸಿ, ಬೇರೆ ರೈಲು ಹತ್ತಬೇಕಿತ್ತು. ಹಳಿ ಇತ್ತು, ರೈಲೂ ಇತ್ತು. ಆಮ್‌ಸ್ಟರ್‌ಡ್ಯಾಮಿನಲ್ಲಿ ಬ್ರಿಟಿಷ್ ಅಧಿಕಾರಿಗಳ ಮೇಜು ಇರಲಿಲ್ಲ. ಅದಕ್ಕೆ ದೇಶಗಳ ನಡುವೆ ಒಪ್ಪಂದವಾಗಿ ನೇರ ವಾಪಸು ರೈಲು ಶುರುವಾದದ್ದು 2020ರ ಅಕ್ಟೋಬರ್‌ನಲ್ಲಿ. 2024ರಲ್ಲಿ ಅಲ್ಲಿನ ನಿಲ್ದಾಣದ ಕಾಮಗಾರಿಗಾಗಿ ತಪಾಸಣೆಯ ಕೋಣೆ ಮುಚ್ಚಿದಾಗ ಜನ ಮತ್ತೆ ಬ್ರಸೆಲ್ಸ್‌ನಲ್ಲಿ ಪೆಟ್ಟಿಗೆ ಇಳಿಸಿದರು. ಹೊಸ, ದೊಡ್ಡ ಕೋಣೆ ತೆರೆದದ್ದು 2025ರ ಫೆಬ್ರವರಿಯಲ್ಲಿ.