ಹಾಲಿನ ಪರೀಕ್ಷೆಯಿಂದ ಕೇಂಬ್ರಿಜ್‌ವರೆಗೆ



ನಾನು ಎಸ್.ಎಸ್.ಎಲ್.ಸಿ.ವರೆಗೆ ಓದಿದ ಕೃಷಿಕ. ದಿನಾ ಬೆಳಿಗ್ಗೆ ಹಾಲು ಕೊಟ್ಟು, ಫ್ಯಾಟ್ ಎಷ್ಟು ಬಂತು ಅಂತ ಕೇಳಿ ಮನೆಗೆ ಹೋಗುವವರು ನಾವು. ಅದೇ ಹಾಲಿನಲ್ಲಿ ಏನೇನುಂಟು ಎಂದು ತಿಳಿಯಲು ಹೊರಟು ವಿದೇಶದವರೆಗೆ ಹೋದ ಒಬ್ಬ ಹುಡುಗಿಯ ವಿಷಯ ಹೇಳ್ತೇನೆ.

ಅವರ ಹೆಸರು ಕಮಲಾ ಭಾಗವತ್, ಮದುವೆಯ ನಂತರ ಕಮಲಾ ಸೊಹೋನಿ. 1933ರಲ್ಲಿ ಮುಂಬಯಿಯಲ್ಲಿ ಬಿ.ಎಸ್ಸಿ. ಮುಗಿಸಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿದರು. ಆಗ ಅಲ್ಲಿ ನಿರ್ದೇಶಕರಾಗಿದ್ದವರು ಸರ್ ಸಿ.ವಿ. ರಾಮನ್. ಹೆಣ್ಣು ಎಂಬ ಕಾರಣಕ್ಕೆ ಸೀಟು ಇಲ್ಲ ಅಂದರು. ಹುಡುಗಿ ಬಿಡಲಿಲ್ಲ, ಬೆಂಗಳೂರಿಗೇ ಬಂದು ಹಟ ಹಿಡಿದರು. ಕೊನೆಗೆ, ಒಂದು ವರ್ಷ ಕೆಲಸ ನೋಡಿ ಆಮೇಲೆ ತೀರ್ಮಾನ ಎಂಬ ಶರ್ತದ ಮೇಲೆ ಸೇರಿಸಿಕೊಂಡರು. ಎಂ. ಶ್ರೀನಿವಾಸಯ್ಯನವರ ಕೈಕೆಳಗೆ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನಿನ ಬಗ್ಗೆ ಸಂಶೋಧನೆ ನಡೆಸಿ 1936ರಲ್ಲಿ ಎಂ.ಎಸ್ಸಿ. ಪಡೆದರು. ಅವರ ಕೆಲಸ ನೋಡಿ ರಾಮನ್ನರೂ ಒಪ್ಪಿದರು, ಬೇರೆ ಹುಡುಗಿಯರಿಗೂ ಬಾಗಿಲು ತೆರೆಯಿತು.

1937ರಲ್ಲಿ ವಿದ್ಯಾರ್ಥಿವೇತನ ಸಿಕ್ಕಿ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋದರು. ಅಲ್ಲಿದ್ದವರು ಹಾಪ್ಕಿನ್ಸ್ ಎಂಬ ದೊಡ್ಡ ವಿಜ್ಞಾನಿ. ಇಲಿಗಳ ಆಹಾರಕ್ಕೆ ಸ್ವಲ್ಪವೇ ಹಾಲು ಸೇರಿಸಿದರೂ ಅವು ಬೆಳೆಯುತ್ತವೆ ಎಂದು 1912ರಲ್ಲಿ ತೋರಿಸಿಕೊಟ್ಟವರು, ಜೀವಸತ್ವದ ಕೆಲಸಕ್ಕೆ 1929ರಲ್ಲಿ ನೊಬೆಲ್ ಪಡೆದವರು. ಅವರ ವಿಭಾಗದಲ್ಲಿದ್ದು ಕಮಲಾ ಅವರು ನಮ್ಮ ಬಟಾಟೆಯಲ್ಲಿ 'ಸೈಟೋಕ್ರೋಮ್ ಸಿ' ಎಂಬ ವಸ್ತುವನ್ನು ಕಂಡರು. ಆಹಾರದಿಂದ ಶಕ್ತಿ ಪಡೆಯಲು ಜೀವಕೋಶಕ್ಕೆ ಇದು ಬೇಕು; ಗಿಡಗಳಲ್ಲೂ ಉಂಟೆಂದು ಗೊತ್ತಾಯಿತು. 1939ರಲ್ಲಿ ಪಿಎಚ್.ಡಿ. ಬಂತು. ಬರೆದ ಪ್ರಬಂಧ ಬರೀ 40 ಪುಟ! ಊರಿಗೆ ಮರಳಿ ತಾಳೆಯ ನೀರಾ ಬಗ್ಗೆ ಸಂಶೋಧನೆ ಮಾಡಿ, ಬಡ ಮಕ್ಕಳಿಗೂ ಬಸುರಿಯರಿಗೂ ಅದು ಒಳ್ಳೆಯದೆಂದು ತೋರಿಸಿದರು. ಮುಂಬಯಿಯ ಆರೆ ಹಾಲು ಯೋಜನೆಗೂ ಸಲಹೆ ಕೊಟ್ಟರು. 1998ರಲ್ಲಿ ತೀರಿಕೊಂಡರು.

ಇದನ್ನು ಯಾಕೆ ಹೇಳಿದೆ ಅಂದರೆ, ಬಾಗಿಲು ಹಾಕಿದವರಲ್ಲಿ ನಾನೂ ಒಬ್ಬ. ಕೆಲವು ವರ್ಷಗಳ ಹಿಂದೆ ಒಬ್ಬ ಸದಸ್ಯರು, ಮಗಳಿಗೆ ವಿಜ್ಞಾನ ಓದಲು ಬೆಂಗಳೂರಿನಲ್ಲಿ ಸೀಟು ಸಿಕ್ಕಿದೆ, ಹಾಸ್ಟೆಲಿಗೆ ಸಂಘದಿಂದ ಏನಾದರೂ ಸಹಾಯ ಆದೀತಾ ಎಂದು ಕೇಳಿದ್ದರು. "ಹೆಣ್ಣು ಮಗು, ಅಷ್ಟು ದೂರ ಯಾಕೆ ಮಾರಾಯ್ರೇ?" ಅಂದವನು ನಾನೇ. ಆ ಹುಡುಗಿ ಹೋಗಲಿಲ್ಲ. ಬೆಂಗಳೂರು ಬಸ್ಸು ನಮ್ಮ ನೆಲ್ಯಾಡಿ ಪೇಟೆಯಲ್ಲೇ ಹೋಗ್ತದೆ, ದೂರ ಇದ್ದದ್ದು ನನ್ನ ತಲೆಯಲ್ಲಿ. ಆ ತಂದೆಯವರು ಈ ಸಭೆಯಲ್ಲಿದ್ದಾರೆ. ನನ್ನಿಂದ ತಪ್ಪಾಯಿತು, ಕ್ಷಮಿಸಬೇಕು.

ಆದ್ದರಿಂದ ನನ್ನದೊಂದು ಕೋರಿಕೆ. ಬೆಳ್ಳಿಹಬ್ಬದ ನೆನಪಿಗೆ ಕಟ್ಟಡ, ಬೋರ್ಡು ಎಲ್ಲ ಆಗಲಿ. ಜೊತೆಗೆ ಲಾಭದಲ್ಲಿ ಒಂದು ಪಾಲನ್ನು ಸದಸ್ಯರ ಮಕ್ಕಳ ಓದಿಗೆ ತೆಗೆದಿಡುವ ಬಗ್ಗೆ ಬರುವ ಮಹಾಸಭೆಯಲ್ಲಿ ನಿರ್ಣಯ ಆಗಲಿ. ಗಂಡು, ಹೆಣ್ಣು ಎಂಬ ಭೇದ ಬೇಡ. ಮೊದಲು ಕೈ ಎತ್ತುವವನು ನಾನು.