ಹುಲ್ಲೂ ಒಂದು ಬೆಳೆ
(ಶತಮಾನೋತ್ಸವದ ಕೃಷಿಗೋಷ್ಠಿಯಲ್ಲಿ ಮಾಡಿದ ಭಾಷಣ)



1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಜಹೀರಾಬಾದ್, ನಾರಾಯಣಖೇಡ ತಾಲ್ಲೂಕುಗಳು ಬೀದರ ಜಿಲ್ಲೆಯಲ್ಲಿಯೂ ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿಯೂ ಇದ್ದವು. ಆಡಳಿತದ ಗಡಿ ಬದಲಾಯಿತು. ನೆಲ, ಮಳೆ, ದನಕರುಗಳು ಬದಲಾಗಲಿಲ್ಲ. ಬೇಸಿಗೆಯ ಮೇವಿನ ಚಿಂತೆಯೂ ಬದಲಾಗಲಿಲ್ಲ. ಮೇವು ಮುಗಿದ ಮನೆಯ ಎತ್ತು ಸಂತೆಗೆ ಹೋಗುತ್ತದೆ. ಮುಂಗಾರಿನಲ್ಲಿ ಆ ರೈತ ಬಿತ್ತನೆಗೆ ಪರರ ಎತ್ತನ್ನು ಕಾಯಬೇಕಾಗುತ್ತದೆ.

ಜೋಳದ ಕಣಿಕೆಯನ್ನೂ ತೊಗರಿಯ ಹೊಟ್ಟನ್ನೂ ಕೂಡಿಡುವುದು ನಮಗೆ ಗೊತ್ತು. ಆದರೆ ಹಸಿರು ಮೇವಿಗೆ ನಾವು ಗೈರಾಣವನ್ನೇ ನಂಬಿದ್ದೇವೆ. ಮೊದಲ ಮಳೆಗೆ ಚಿಗುರಿದ ಹುಲ್ಲನ್ನು ದನಗಳು ಬುಡದವರೆಗೆ ಮೇಯ್ದರೆ ಬೇರಿನ ಶಕ್ತಿ ಕುಂದುತ್ತದೆ. ಒಳ್ಳೆಯ ಹುಲ್ಲು ಅಳಿದು ದನ ಮುಟ್ಟದ ಕಳೆ ಉಳಿಯುತ್ತದೆ. ಗೈರಾಣವನ್ನು ಭಾಗ ಮಾಡಿ ಸರದಿಯಂತೆ ಮೇಯಿಸಬೇಕು. ಪ್ರತಿವರ್ಷ ಒಂದು ಭಾಗವನ್ನಾದರೂ ಬೀಜ ಉದುರುವವರೆಗೆ ಬಿಡಬೇಕು. ಮಳೆಯನ್ನೇ ನಂಬಿದ ಹಗುರ ಮಣ್ಣಿಗೆ ಅಂಜನ ಹುಲ್ಲು, ಸ್ಟೈಲೊ ಒಗ್ಗುತ್ತವೆ.

ಬಾವಿಯಲ್ಲಿ ನೀರಿದ್ದವರು ಹೈಬ್ರಿಡ್ ನೇಪಿಯರ್ ಹಚ್ಚಬಹುದು. ಒಮ್ಮೆ ನೆಟ್ಟರೆ ಹಲವು ವರ್ಷ ಕೊಯ್ಯಬಹುದು. ಇಲ್ಲಿ ಮುಖ್ಯವಾದುದು ಕೊಯ್ಲಿನ ಹೊತ್ತು. ನೆಟ್ಟ 60ರಿಂದ 75 ದಿನಗಳಲ್ಲಿ ಮೊದಲ ಕೊಯ್ಲು, ಅನಂತರ ಸುಮಾರು 45 ದಿನಗಳಿಗೊಮ್ಮೆ. ಆಳೆತ್ತರ ಮೀರಲೆಂದು ಕಾದರೆ ಹೊರೆಯ ತೂಕ ಹೆಚ್ಚೀತು. ಆದರೆ ನಾರು ಬಲಿತು ಸಸಾರಜನಕ ಇಳಿಯುತ್ತದೆ, ಗೋದಲಿಯಲ್ಲಿ ದಂಟೇ ಉಳಿಯುತ್ತದೆ. ನೆಲದಿಂದ 10ರಿಂದ 15 ಸೆಂಟಿಮೀಟರ್ ಬಿಟ್ಟು ಕೊಯ್ದರೆ ಮರುಚಿಗುರು ಬೇಗ ಬರುತ್ತದೆ. ಪ್ರತಿ ಕೊಯ್ಲಿನ ಬಳಿಕ ಗೊಬ್ಬರ, ನೀರು ಕೊಡಲೇಬೇಕು. ನೆಲದಿಂದ ತೆಗೆದುಕೊಂಡದ್ದನ್ನು ನೆಲಕ್ಕೆ ಹಿಂದಿರುಗಿಸದೆ ಹುಲ್ಲೂ ಬೆಳೆಯದು. ಸಾಲುಗಳ ನಡುವೆ ಅಲಸಂದೆಯನ್ನೋ ಬೇಲಿಮೆಂತೆಯನ್ನೋ ಬೆಳೆದು ಬೆರೆಸಿ ಹಾಕಿದರೆ ಮೇವಿನ ಸತ್ವ ಹೆಚ್ಚುತ್ತದೆ. ಮಳೆಗಾಲದಲ್ಲಿ ಮಿಕ್ಕದ್ದನ್ನು ಸಣ್ಣಗೆ ಕತ್ತರಿಸಿ, ಗಾಳಿಯಾಡದಂತೆ ತುಳಿದು ಮುಚ್ಚಿ ರಸಮೇವು ಮಾಡಿದರೆ ಬೇಸಿಗೆಗೆ ಆಸರೆಯಾಗುತ್ತದೆ.

1962ರಲ್ಲಿ ಝಾನ್ಸಿಯಲ್ಲಿ ಸ್ಥಾಪನೆಯಾದ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಧಾರವಾಡದಲ್ಲಿದೆ. ಶಾಸ್ತ್ರ ದೂರವಿಲ್ಲ, ಅದು ನಮ್ಮ ಬದುವಿಗೆ ಬರಬೇಕು, ಅಷ್ಟೆ.

ಆದುದರಿಂದ ನನ್ನ ವಿನಂತಿ ಇಷ್ಟು. ನೂರು ವರ್ಷ ಅಕ್ಷರ ಕಲಿಸಿದ ಈ ಶಾಲೆಯ ಅಂಗಳದಲ್ಲಿ ಒಂದು ಗುಂಟೆ ಹುಲ್ಲು ಬೆಳೆಯಲಿ. ಮಕ್ಕಳು ಕೊಯ್ಲಿನ ದಿನವನ್ನೂ ತೂಕವನ್ನೂ ಕನ್ನಡದಲ್ಲಿ ಬರೆದಿಡಲಿ. ಊರವರು ಬಂದು ಅದನ್ನು ಓದಲಿ. ಹಿಂತಿರುಗುವಾಗ ನಾಲ್ಕು ಬೇರುಗಳನ್ನು ಕಿತ್ತೊಯ್ದು ತಮ್ಮ ಹೊಲದಲ್ಲಿ ನೆಡಲಿ.